‘ಕಲಿಯುವುದು’: ಜಪಾನೀ ಭಾಷೆಯ ಪದವಿವೇಕ

ಇಂಗ್ಲಿಷಿನ ‘ಲರ್ನ್’ ಎಂಬ ಕ್ರಿಯಾಪದವು ಬಹಳ ಉದಾರವಾದುದು. ಗುರುಗಳಲ್ಲಿ ವಾದ್ಯ ಕಲಿಯುವುದಕ್ಕೂ, ಸೋಲಿನಿಂದ ಪಾಠ ಕಲಿಯುವುದಕ್ಕೂ, ಪದಗಳನ್ನು ಕಂಠಸ್ಥ ಮಾಡುವುದಕ್ಕೂ ಅದೊಂದೇ ಸಾಲುತ್ತದೆ. ಜಪಾನೀ ಭಾಷೆಯಲ್ಲಿ ಹಾಗಲ್ಲ. ನಿಘಂಟನ್ನು ತೆರೆದ ವಿದ್ಯಾರ್ಥಿಗೆ ಹಲವು ಪದಗಳು ಎದುರಾಗುತ್ತವೆ. ಅವು ಸಮಾನಾರ್ಥಕಗಳಂತೆ ತೋರಿದರೂ ಅವುಗಳ ಪ್ರಯೋಗಸ್ಥಾನ ಬೇರೆ ಬೇರೆ.

ಮೊದಲನೆಯದು ‘ನರಾವು’. ಕಲಿಸುವವರೊಬ್ಬರು ಇದ್ದಾರೆಂಬುದು ಇದರಲ್ಲಿ ಅಡಗಿದೆ. ‘ಸೆನ್‌ಸೇ ನಿ ಪಿಯಾನೊ ಓ ನರಾವು’ ಎಂದರೆ ಗುರುಗಳಲ್ಲಿ ಪಿಯಾನೊ ಕಲಿಯುವುದು. ‘ನಿ’ ಎಂಬ ಪ್ರತ್ಯಯವು ಸ್ಥಳವನ್ನೂ ಸೂಚಿಸುವುದುಂಟು. ‘ಗುರುಗಳಲ್ಲಿ ಕಲಿ’ ಎನ್ನುವ ಕನ್ನಡಿಗನಿಗೆ ಇದು ಅಪರಿಚಿತವಲ್ಲ. ಇದರ ಲಿಪಿಚಿಹ್ನೆಯ ಮೇಲ್ಭಾಗದಲ್ಲಿ ರೆಕ್ಕೆಯ ಗುರುತಿದೆ. ಮರಿಹಕ್ಕಿ ಮತ್ತೆ ಮತ್ತೆ ರೆಕ್ಕೆ ಬಡಿದು ಹಾರಲು ಅಭ್ಯಸಿಸುವುದೆಂದು ಸಾಂಪ್ರದಾಯಿಕ ವಿವರಣೆ.

ಎರಡನೆಯದು ‘ಮನಬು’. ಗುರುವಿದ್ದರೂ ಇದು ಸಲ್ಲುತ್ತದೆ, ಇಲ್ಲದಿದ್ದರೂ ಸಲ್ಲುತ್ತದೆ. ‘ಶಿಪ್ಪಾಯ್ ಕರ ಮನಬು’ ಎಂದರೆ ಸೋಲಿನಿಂದ ಕಲಿಯುವುದು. ಇಲ್ಲಿ ‘ನರಾವು’ ಎಂದರೆ ಅಸಹಜ. ಸೋಲು ಎದುರಿಗೆ ಕುಳಿತು ಪಾಠ ಹೇಳುವುದಿಲ್ಲವಷ್ಟೆ. ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡುವುದಕ್ಕೂ ಈ ಪದವೇ ಯೋಗ್ಯ. ‘ಅನುಕರಿಸು’ ಎಂಬರ್ಥದ ‘ಮನೆಬು’ ಇದರ ಸೋದರಪದ.

ಮೂರನೆಯದು ‘ಬೆಂಕ್ಯೋ ಸುರು’. ಇದು ಶ್ರಮವನ್ನು ಹೇಳುತ್ತದೆಯೇ ಹೊರತು ಫಲವನ್ನಲ್ಲ. ಇವೇ ಚಿಹ್ನೆಗಳಿಗೆ ಚೀನೀ ಭಾಷೆಯಲ್ಲಿ ‘ಒಲ್ಲದ ಮನಸ್ಸಿನಿಂದ’ ಎಂಬ ಅರ್ಥವಿದೆ. ಜಪಾನಿನ ವರ್ತಕರು ಬೆಲೆ ಇಳಿಸುವುದಕ್ಕೂ ಇದನ್ನೇ ಬಳಸುವುದುಂಟು! ಫಲವನ್ನು ಹೇಳುವ ಪದ ‘ಒಬೊಎರು’: ನೆನಪಿನಲ್ಲಿ ನಿಲ್ಲಿಸಿಕೊಳ್ಳುವುದು. ಇಡೀ ರಾತ್ರಿ ‘ಬೆಂಕ್ಯೋ’ ಮಾಡಿಯೂ ‘ಒಬೊಎರು’ ಸಾಧಿಸದ ವಿದ್ಯಾರ್ಥಿ ಯಾವ ದೇಶದಲ್ಲಿಲ್ಲ? ಸುದ್ದಿಯೊಂದನ್ನು ತಿಳಿಯುವುದಾದರೆ ‘ಶಿರು’ ಎಂಬ ಪದವೇ ಬೇರೆ ಇದೆ.

ಆದುದರಿಂದ ಪದವನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು: ಕಲಿಸುವವರಿದ್ದಾರೆಯೇ? ಕಲಿತದ್ದು ಅನುಭವದಿಂದಲೇ? ಹೇಳಬೇಕಾದುದು ಶ್ರಮವೋ, ಸ್ಮರಣೆಯೋ?

‘ಮನಬು’, ‘ನರಾವು’ಗಳ ಚಿಹ್ನೆಗಳೆರಡೂ ಕೂಡಿದರೆ ‘ಗಕುಶೂ’, ಅಂದರೆ ಕಲಿಕೆ. ಕನ್‌ಫ್ಯೂಷಿಯಸನ ಸೂಕ್ತಿಸಂಗ್ರಹದ ಮೊದಲ ವಾಕ್ಯದಲ್ಲಿಯೇ ಈ ಎರಡು ಚಿಹ್ನೆಗಳು ಬಂದಿವೆ. ಪಾಠ ಮುಗಿದ ದಿನ ‘ನರಾವು’ ಮುಗಿಯಬಹುದು; ‘ಮನಬು’ ಮುಗಿಯುವುದಿಲ್ಲ. ಶಾಲೆಯ ಬಾಗಿಲನ್ನು ದಾಟಿದ ಶಿಷ್ಯನೊಡನೆ ಹೊರಡುವುದು ಎರಡನೆಯದೇ. ಅದನ್ನು ಅವನಲ್ಲಿ ಹುಟ್ಟಿಸಿದ ಗುರುವಿನ ಶ್ರಮವೇ ಸಾರ್ಥಕ.