ಅಪ್ಪನ ತೋಳಿಗೆ ಬೇರೆ ಜೀನ್ ಇದೆಯೇ? – ಬೇಲೆಕೇರಿಯ ಒಂದು ಅಭ್ಯಾಸ ಪಾಠ

10ನೇ ತರಗತಿಯ ಅನುವಂಶೀಯತೆ ಘಟಕಕ್ಕೆ ನಾನು ಬರೆದಿದ್ದ ಪಾಠ ಯೋಜನೆಯಲ್ಲಿ ಬಣ್ಣಕ್ಕೊಂದು, ಎತ್ತರಕ್ಕೊಂದು ಜೀನ್ ಎಂಬ ಧಾಟಿಯಿತ್ತು. ಪಾಠ ಸರಾಗವಾಗಿಯೇ ಸಾಗಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ: "ಸರ್, ನಮ್ಮ ಅಪ್ಪ ದೋಣಿಗೆ ಹೋಗ್ತಾನೆ. ಕೈಯೆಲ್ಲ ಕಪ್ಪು, ಅಂಗಿ ಒಳಗೆ ಬಣ್ಣ ಬೇರೆ. ಹಾಗಾದ್ರೆ ಎರಡು ನಮೂನೆ ಜೀನ್ ಇದ್ಯಾ?"

"ಬಿಸಿಲಿಗೆ ಕೈಯ ಜೀನ್ ಬದಲಾಗಿದೆ" ಎಂದುಬಿಟ್ಟೆ. ಕೂಡಲೇ ಒಬ್ಬಳು ಹುಡುಗಿ ಕೇಳಿದಳು, "ಹಾಗಾದ್ರೆ ಮಕ್ಕಳಿಗೂ ಆ ಕಪ್ಪು ಬರ್ತದಾ?" ನನ್ನ ತಪ್ಪು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಆಗ ಗೊತ್ತಾಯಿತು. ವೀಕ್ಷಕರು ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಸಾಲು: 'ಇರುವುದು ಬೇರೆ, ಬಳಕೆಯಾಗುವುದು ಬೇರೆ.'

ಮರುದಿನ ಅದೇ ಪ್ರಶ್ನೆಯಿಂದ ಪಾಠ ಆರಂಭಿಸಿದೆ. ಊರಿನ ಮನೆಮನೆಗೂ ಒಂದೇ ಅಡುಗೆ ಪುಸ್ತಕ ಹಂಚಿದ್ದಾರೆ ಎಂದುಕೊಳ್ಳಿ. ಇವತ್ತು ಒಂದು ಮನೆಯಲ್ಲಿ ಮೀನು ಸಾರು, ಪಕ್ಕದಲ್ಲಿ ತಂಬುಳಿ. ಪುಸ್ತಕ ಡಿಎನ್‌ಎ. ಬೇಕಾದ ಪುಟವನ್ನು ಚೀಟಿಗೆ ಇಳಿಸಿಕೊಂಡರೆ ಅದು ಆರ್‌ಎನ್‌ಎ. ಆಗುವ ಅಡುಗೆ ಪ್ರೋಟೀನ್. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಅವೇ ಇವೆ; ಇನ್ಸುಲಿನ್ ಜೀನ್ ಕೆನ್ನೆಯ ಕೋಶದಲ್ಲೂ ಇದೆ, ಆದರೆ ಅಲ್ಲಿ ಆ ಪುಟವನ್ನು ಯಾರೂ ತೆರೆಯುವುದಿಲ್ಲ. (ಪಕ್ವವಾದ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೇ ಇಲ್ಲ. ಜಾಣ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಸಿದ್ಧವಾಗಿರಿ.)

ಇನ್ನು ತೋಳು. ಬಿಸಿಲಿನ ಅತಿನೇರಳೆ ಕಿರಣ ತಗುಲಿದಾಗ ಚರ್ಮದ ಕೋಶಗಳು ಸಂಕೇತ ಕಳಿಸುತ್ತವೆ. ಬಣ್ಣ ತಯಾರಿಸುವ ಕೋಶಗಳಲ್ಲಿ ಟೈರೋಸಿನೇಸ್ ಕಿಣ್ವದ ಜೀನ್ ಹೆಚ್ಚು ಓದಲ್ಪಡುತ್ತದೆ, ಮೆಲನಿನ್ ಹೆಚ್ಚುತ್ತದೆ. ಅಂಗಿಯೊಳಗೂ ಅದೇ ಜೀನ್, ಓದು ಮಾತ್ರ ಕಡಿಮೆ. ಬಿಸಿಲು ಚರ್ಮದ ಡಿಎನ್‌ಎಗೆ ಹಾನಿ ಮಾಡಬಲ್ಲದು, ನಿಜ. ಆದರೆ ಅದು ವೀರ್ಯಾಣು, ಅಂಡಾಣುಗಳಿಗೆ ತಲುಪುವುದಿಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರ 'ಇಲ್ಲ'.

ಜೀನ್ ಅಧ್ಯಯನದ ವಿಧಾನವೂ ಇದರಿಂದಲೇ ಸ್ಪಷ್ಟವಾಗುತ್ತದೆ. ನಮ್ಮ ಜಿಲ್ಲೆಯಲ್ಲೂ ನೆಲೆಸಿರುವ ಸಿದ್ದಿ ಸಮುದಾಯದ ಮೂಲದ ಬಗ್ಗೆ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು 2011ರಲ್ಲಿ ಅಧ್ಯಯನ ಪ್ರಕಟಿಸಿದರು. ಆಫ್ರಿಕಾದ ಪೂರ್ವಜರು, ಬಳಿಕ ಇಲ್ಲಿಯವರೊಂದಿಗಿನ ಬೆರಕೆ, ಎರಡೂ ಡಿಎನ್‌ಎಯಲ್ಲಿ ಕಂಡವು. ವಂಶಮೂಲ ತಿಳಿಯಲು ರಕ್ತದ ಬಿಳಿಕಣಗಳ ಡಿಎನ್‌ಎ ಸಾಕು. ತೋಳು ಕಪ್ಪಾದದ್ದೇಕೆಂದು ತಿಳಿಯಲು ರಕ್ತ ಸಾಲದು; ತೋಳಿನ ಚರ್ಮ ಮತ್ತು ಅಂಗಿಯೊಳಗಿನ ಚರ್ಮ, ಎರಡರ ಆರ್‌ಎನ್‌ಎಯನ್ನೂ ಹೋಲಿಸಬೇಕು. ಈ ಉದಾಹರಣೆ ಕೊಡುವಾಗ ತರಗತಿಯ ಯಾವ ಮಗುವಿನ ಮೈಬಣ್ಣವನ್ನೂ ತೋರಿಸಿ ಮಾತಾಡಬೇಡಿ. ತನ್ನ ಅಪ್ಪನ ಮಾತು ತೆಗೆದವನು ಆ ಹುಡುಗನೇ, ನಾನಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟೆ: ಕಣ್ಣಿನ ಕೋಶ ಜಠರರಸ ಏಕೆ ಸುರಿಸುವುದಿಲ್ಲ? ಹಿಂದಿನ ಬೆಂಚಿನ ಉತ್ತರ: "ಪುಟ ಇದೆ ಸರ್, ಚೀಟಿ ಬರೆದಿಲ್ಲ."