ಬೆಸುಗೆಯೂ ವಿವೇಕವೂ

ಲೋಹವನ್ನು ಲೋಹದೊಡನೆ ಕೂಡಿಸುವ ಬೆಸುಗೆಯ ವಿದ್ಯೆ ಬಹು ಪ್ರಾಚೀನವಾದುದು. ಅಕ್ಕಸಾಲಿಗನಿಗೆ ಒಲಿದಿದ್ದ ಆ ವಿದ್ಯೆ ಇಂದು ವಿಡಿಯೋ ಆಟದ ಯಂತ್ರಗಳ ಒಡಲನ್ನೂ ಹೊಕ್ಕಿದೆ. ಕನ್ಸೋಲ್ ಎಂಬ ಹೆಸರಿನ ಈ ಯಂತ್ರದ ಬೆಸುಗೆ ಕೆಟ್ಟಾಗ ಅದನ್ನು ಒಡೆಯನೇ ಸರಿಪಡಿಸಬಹುದೇ, ನುರಿತ ಕುಶಲಿಗೆ ಒಪ್ಪಿಸಬೇಕೇ? ಈ ಪ್ರಶ್ನೆಗೆ ಒಂದು ಪ್ರಸಿದ್ಧ ನಿದರ್ಶನವು ಉತ್ತರವನ್ನು ಸೂಚಿಸುತ್ತದೆ.

ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 2005ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಕನ್ಸೋಲನ್ನು ಮಾರುಕಟ್ಟೆಗೆ ತಂದಿತು. ಬಹುಬೇಗ ಅನೇಕ ಯಂತ್ರಗಳು ಸ್ತಬ್ಧವಾಗತೊಡಗಿದವು. ಅವುಗಳ ಮುಂಭಾಗದ ಉಂಗುರದಂತಹ ದೀಪದಲ್ಲಿ ನಾಲ್ಕರಲ್ಲಿ ಮೂರು ಭಾಗ ಕೆಂಪಾಗಿ ಮಿನುಗುತ್ತಿತ್ತು. 2007ರ ಜುಲೈನಲ್ಲಿ ಸಂಸ್ಥೆಯು ಈ ದೋಷಕ್ಕೆ ವಾರಂಟಿಯನ್ನು 3 ವರ್ಷಗಳಿಗೆ ವಿಸ್ತರಿಸಿ, 100 ಕೋಟಿ ಡಾಲರಿಗೂ ಮಿಕ್ಕಿದ ವೆಚ್ಚವನ್ನು ಹೊತ್ತುಕೊಂಡಿತು.

ಹಿಂದೆ ಬೆಸುಗೆಗೆ ತವರ ಮತ್ತು ಸೀಸಗಳ ಮಿಶ್ರಣವನ್ನು ಬಳಸುತ್ತಿದ್ದರು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸವು ವಿಷಕಾರಿಯಾದುದರಿಂದ ಯೂರೋಪಿನ ಒಕ್ಕೂಟವು 2006ರ ಜುಲೈಯಿಂದ ಅದರ ಬಳಕೆಯನ್ನು ನಿರ್ಬಂಧಿಸಿತು. ಆಗ ಬಳಕೆಗೆ ಬಂದ ತವರ, ಬೆಳ್ಳಿ, ತಾಮ್ರಗಳ ಮಿಶ್ರಣವು ಸುಮಾರು 217 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಯಂತ್ರವು ಓಡುವಾಗ ಕಾದು, ನಿಂತಾಗ ತಣಿಯುತ್ತದೆ. ಚಿಪ್ಪು ಮತ್ತು ಅದನ್ನು ಹೊತ್ತ ಫಲಕಗಳು ಸಮನಾಗಿ ಹಿಗ್ಗುವುದಿಲ್ಲವಾದುದರಿಂದ ಅವುಗಳ ನಡುವಣ ಬೆಸುಗೆ ದಣಿದು ಬಿರುಕು ಬಿಡುತ್ತದೆ.

ಕೆಲವು ಒಡೆಯರು ಕನ್ಸೋಲಿಗೆ ಟವೆಲನ್ನು ಸುತ್ತಿ ಬಿಸಿಯೇರಿಸಿದರು. ಕೆಲವು ಯಂತ್ರಗಳು ಮತ್ತೆ ಓಡಿದುದೂ ಉಂಟು. ಆದರೆ ಆ ಶಾಖವು ಬೆಸುಗೆಯನ್ನು ಕರಗಿಸುವಷ್ಟಿರಲಿಲ್ಲ. ಹಿಗ್ಗಿದ ಭಾಗಗಳು ಕ್ಷಣಕಾಲ ಕೂಡಿ, ಮತ್ತೆ ಅಗಲುತ್ತಿದ್ದವು. ವೃತ್ತಿಪರರು ಚಿಪ್ಪನ್ನು ಎತ್ತಿ, ಅದರಡಿಯ ನೂರಾರು ಬೆಸುಗೆಯ ಗುಂಡುಗಳನ್ನು ತೆಗೆದು ಹೊಸವನ್ನು ಕೂರಿಸಿದರು. ಇದು ಸೂಕ್ಷ್ಮವಾದ ಕೌಶಲವೇ ಸರಿ. ಆದರೆ ಒಡೆದದ್ದು ಫಲಕದ ಬೆಸುಗೆಯಲ್ಲ, ಬಿಡಿಭಾಗಗಳ ಒಳಗಣ ಸಂಪರ್ಕಗಳು ಎಂದು ಸಂಸ್ಥೆಯ ತಂತ್ರಜ್ಞರು 2021ರ ಸಾಕ್ಷ್ಯಚಿತ್ರವೊಂದರಲ್ಲಿ ತಿಳಿಸಿದರು. ಅಂತಹ ದೋಷಕ್ಕೆ ಚಿಪ್ಪನ್ನೇ ಬದಲಿಸುವುದು ನಿಜವಾದ ಪರಿಹಾರ. ರೋಗವನ್ನರಿಯದೆ ಕೊಟ್ಟ ಮದ್ದು ವೈದ್ಯನದಾದರೇನು, ಮನೆಯದಾದರೇನು?

ಹಾಗೆಂದು ಸ್ವಂತ ದುರಸ್ತಿಯು ವ್ಯರ್ಥವೆಂದು ಭಾವಿಸಬಾರದು. ಕೈಹಿಡಿಯ ಸವೆದ ಕಡ್ಡಿ, ಸಡಿಲವಾದ ಚಾರ್ಜಿಂಗ್ ಸಾಕೆಟ್ಟಿನ ದಪ್ಪ ಕಾಲುಗಳು ಮುಂತಾದುವುಗಳ ಬೆಸುಗೆ ಕಣ್ಣಿಗೆ ಕಾಣುತ್ತದೆ. ಹಳೆಯ ಫಲಕದ ಮೇಲೆ ಅಭ್ಯಾಸ ಮಾಡಿದವನು ಸೋಲ್ಡರಿಂಗ್ ಐರನ್ನಿನಿಂದ ಅದನ್ನು ಸರಿಪಡಿಸಬಲ್ಲನು. ಅವನು ವಿದ್ಯುತ್ ಸಂಪರ್ಕವನ್ನು ಕಡಿದು, ಕಣ್ಣಿಗೆ ಕನ್ನಡಕ ಧರಿಸಿ, ಹೊಗೆ ಹೊರಹೋಗುವಂತೆ ಕಿಟಕಿ ತೆರೆದು ಕೆಲಸಕ್ಕೆ ತೊಡಗಬೇಕು. ಕೆಲಸ ಮುಗಿದ ಬಳಿಕ ಕೈಗಳನ್ನು ತೊಳೆಯಬೇಕು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ತಂತಿಯನ್ನು ಕಿತ್ತ ಬಳಿಕವೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿಯಾದ ವಿದ್ಯುತ್ತು ಉಳಿದಿರಬಹುದು.

ಚಿಪ್ಪಿನಡಿಯ ಬೆಸುಗೆಯು ಕಣ್ಣಿಗೆ ಕಾಣದು. ಅದಕ್ಕೆ ಶಾಖವನ್ನು ಹದವರಿತು ನೀಡುವ ಉಪಕರಣವೂ ಪಳಗಿದ ಕೈಯೂ ಬೇಕು. ಅಲ್ಲಿ ವೃತ್ತಿಪರನನ್ನು ಆಶ್ರಯಿಸುವುದು ಹೇಡಿತನವಲ್ಲ, ವಿವೇಕ. ಕೈಗೆ ಕೆಲಸ ಕೊಡುವ ಮುನ್ನ ದೋಷದ ಮೂಲವನ್ನರಿಯುವುದು, ತನ್ನ ಅಳವನ್ನು ತಾನೇ ಅಳೆದುಕೊಳ್ಳುವುದು, ಇವೆರಡೂ ಎಲ್ಲ ದುರಸ್ತಿಗೂ ತಳಹದಿ.