ಚಿಕುನ್‌ಗುನ್ಯಾ ವೈರಸ್ಸಿನ ವಂಶವೃತ್ತಾಂತ

೨೦೦೬ನೆಯ ಇಸವಿಯಲ್ಲಿ ನಮ್ಮ ಅಹಮದಾಬಾದನ್ನು ಕಾಡಿದ ಚಿಕುನ್‌ಗುನ್ಯಾ ಜ್ವರವನ್ನು ಅನುಭವಿಸಿದವರು ಮರೆತಿರಲಾರರು. ಜ್ವರ ಇಳಿದರೂ ಕೀಲುನೋವು ಇಳಿಯುತ್ತಿರಲಿಲ್ಲ; ಬೆಳಗ್ಗೆ ಎದ್ದು ಚೊಂಬು ಹಿಡಿಯುವುದೂ ಕಷ್ಟವಾಗುತ್ತಿತ್ತು. ೧೯೫೨ರಲ್ಲಿ ಈ ರೋಗವು ಮೊದಲು ಗುರುತಿಸಲ್ಪಟ್ಟ ಟಾಂಜಾನಿಯದ ಮಕೊಂಡೆ ಜನರ ಭಾಷೆಯಲ್ಲಿ ಅದರ ಹೆಸರಿಗೆ ಮೈ ಬಾಗಿಸುವಂಥದು ಎಂದೇ ಅರ್ಥ.

ಭಾರತದಲ್ಲಿ ಇದು ೧೯೬೩ರಲ್ಲಿ ಕಲ್ಕತ್ತೆಯಲ್ಲಿಯೂ, ೧೯೭೩ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿಯೂ ಹರಡಿತ್ತು. ಅನಂತರ ಮೂರು ದಶಕ ದೊಡ್ಡ ಪಿಡುಗಿನ ಸುದ್ದಿಯಿರಲಿಲ್ಲ. ೨೦೦೫ರ ಕೊನೆಯಲ್ಲಿ ಆಂಧ್ರದಲ್ಲಿ, ಬಳಿಕ ಕರ್ನಾಟಕದಲ್ಲಿ ಅದು ಮತ್ತೆ ತಲೆಯೆತ್ತಿದಾಗ, ಮಲಗಿದ್ದ ಹಳೆಯ ವೈರಸ್ಸೇ ಎದ್ದಿತೋ ಅಥವಾ ಹೊಸದೊಂದು ಬಂದಿತೋ ಎಂಬ ಪ್ರಶ್ನೆ ಹುಟ್ಟಿತು. ರೋಗಿಯನ್ನು ನೋಡಿ ಇದನ್ನು ಹೇಳಲಾಗದು, ವೈರಸ್ಸನ್ನೇ ಓದಬೇಕು.

ಈ ವೈರಸ್ಸಿನ ಒಡಲಲ್ಲಿರುವುದು ಆರ್.ಎನ್.ಎ. ಎಂಬ ಒಂದೇ ಎಳೆ. ನಾಲ್ಕೇ ಬಗೆಯ ಘಟಕಗಳು ಅದರಲ್ಲಿ ಅಕ್ಷರಗಳಂತೆ ಸಾಲಾಗಿ ಪೋಣಿಸಲ್ಪಟ್ಟಿವೆ. ಒಟ್ಟು ಸುಮಾರು ೧೧,೮೦೦. ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಆಗಾಗ ಅಕ್ಷರ ತಪ್ಪುತ್ತದೆ. ನಮ್ಮ ಓಲೆಗರಿಗಳ ಲಿಪಿಕಾರರೂ ಹೀಗೆಯೇ ತಪ್ಪುತ್ತಿದ್ದರಷ್ಟೆ. ಒಂದೇ ತೆರನಾದ ತಪ್ಪುಗಳಿರುವ ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದವೆಂದು ಗ್ರಂಥಸಂಪಾದಕರು ನಿರ್ಣಯಿಸುವಂತೆ, ವಿಜ್ಞಾನಿಗಳು ಪಾಠಾಂತರಗಳನ್ನು ಹೋಲಿಸಿ ವೈರಸ್ಸಿನ ವಂಶವನ್ನು ಗುರುತಿಸುತ್ತಾರೆ.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಹೀಗೆ ಹೋಲಿಸಿದಾಗ ೧೯೬೩ ಮತ್ತು ೧೯೭೩ರ ವೈರಸ್ಸುಗಳು ಏಷ್ಯಾ ವಂಶಕ್ಕೂ, ೨೦೦೬ರವು ಆಫ್ರಿಕಾ ವಂಶಕ್ಕೂ ಸೇರಿದವೆಂದು ತಿಳಿಯಿತು. ಸ್ವಾರಸ್ಯವೆಂದರೆ, ೨೦೦೦ದಲ್ಲಿ ಪುಣೆ ಜಿಲ್ಲೆಯ ಯವತ್‌ನಲ್ಲಿ ಹಿಡಿದ ಸೊಳ್ಳೆಗಳಲ್ಲಿ ದೊರೆತಿದ್ದ ವೈರಸ್ಸೂ ಆಫ್ರಿಕಾ ವಂಶದ್ದೇ. ಪಿಡುಗಿಗೆ ಐದು ವರ್ಷ ಮೊದಲೇ ಆ ವಂಶ ನಮ್ಮ ನೆಲಕ್ಕೆ ಕಾಲಿಟ್ಟಿತ್ತು!

ಇದು ಪ್ರಾಣಕ್ಕೆ ಎರವಾಗದ ಜ್ವರವೆಂಬ ಭಾವನೆ ಆಗ ಬಲವಾಗಿತ್ತು. ಆದರೆ ಅಹಮದಾಬಾದಿನ ಮರಣ ನೋಂದಣಿಯನ್ನು ಪರಿಶೀಲಿಸಿದ ದಿಲೀಪ ಮಾವಲಂಕರ್ ಮತ್ತು ಸಂಗಡಿಗರು, ೨೦೦೬ರ ಆಗಸ್ಟಿನಿಂದ ನವೆಂಬರಿನವರೆಗೆ ಹಿಂದಿನ ನಾಲ್ಕು ವರ್ಷಗಳ ಸರಾಸರಿಗಿಂತ ೨,೯೪೪ ಸಾವುಗಳು ಹೆಚ್ಚಾಗಿದ್ದವೆಂದು ೨೦೦೮ರಲ್ಲಿ ಪ್ರಕಟಿಸಿದರು. ಅಷ್ಟೂ ಈ ಜ್ವರದಿಂದಲೇ ಎನ್ನುವಂತಿಲ್ಲ, ಕಡೆಗಣಿಸುವಂತೆಯೂ ಇಲ್ಲ.

ಇದನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು, ತಿಳಿನೀರಿನಲ್ಲಿ ಮೊಟ್ಟೆಯಿಡುವಂಥದು. ಅಹಮದಾಬಾದಿನ ಪೋಳ್‌ಗಳ ನೆಲದಡಿಯ ಟಾಂಕಾ ಆಗಲಿ, ವಡೋದರಾ, ಸೂರತ್‌ಗಳ ಮಾಳಿಗೆಯ ತೊಟ್ಟಿಯಾಗಲಿ, ಮುಚ್ಚಳ ಭದ್ರವಾಗಿರಬೇಕು. ಕೂಲರಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆಯನ್ನು ಉಜ್ಜಬೇಕು.

ಜ್ವರ ಬಂದರೆ ಮೊದಲ ಐದು ದಿನಗಳೊಳಗೆ ರಕ್ತಪರೀಕ್ಷೆ ಮಾಡಿಸುವುದು ಉತ್ತಮ. ವೈರಸ್ಸು ರಕ್ತದಲ್ಲಿ ಸಿಗುವುದು ಆಗಲೇ. ತಡವಾದರೆ ಸಿಗುವುದು ಅದನ್ನೆದುರಿಸಿದ ಪ್ರತಿಕಾಯಗಳು ಮಾತ್ರ. ಅವು ರೋಗ ಬಂದುದನ್ನು ಹೇಳುತ್ತವೆ, ವೈರಸ್ಸಿನ ವಂಶವನ್ನು ಹೇಳಲಾರವು.